ಮೇಜುಬೆಟ್ಟದ ನೆತ್ತಿ ಒಮ್ಮೆ ತಗ್ಗಾಗಿತ್ತು

ನೆತ್ತಿ ಚಪ್ಪಟೆಯಾಗಿರುವ ಬೆಟ್ಟವನ್ನು ಕಂಡಾಗ, ಅದಕ್ಕೆ ಹಿಂದೆ ಚೂಪಾದ ಶಿಖರವಿತ್ತು, ಅದನ್ನು ಯಾರೋ ಅಥವಾ ಯಾವುದೋ ಶಕ್ತಿ ಕತ್ತರಿಸಿತು ಎಂದು ಊಹಿಸುವುದು ಸಹಜ. ಹಿಂದಿನವರು ಈ ಕೆಲಸವನ್ನು ಪುರಾಣದ ವೀರರಿಗೆ ಒಪ್ಪಿಸಿದರು. ಇಂದು ಮೊಬೈಲುಗಳಲ್ಲಿ ಹರಿದಾಡುವ ವಿಡಿಯೊಗಳು ಇನ್ನೂ ಮುಂದೆ ಹೋಗಿ, ಜಗತ್ತಿನ ಮೇಜುಬೆಟ್ಟಗಳೆಲ್ಲ ಪುರಾತನ ಕಾಲದ ದೈತ್ಯವೃಕ್ಷಗಳನ್ನು ಕಡಿದು ಉಳಿದ ಬುಡಗಳೆಂದು ಸಾರುತ್ತವೆ. ಓದುಬರಹ ಬಲ್ಲವರೂ ಅವನ್ನು ನಂಬಿ ಇತರರಿಗೆ ಕಳುಹಿಸುತ್ತಿರುವುದು ನಿಜಕ್ಕೂ ಆತಂಕದ ಸಂಗತಿ. ಮರದ ಬುಡವಾಗಿದ್ದರೆ ಅದರ ಎಳೆಗಳು ಕೆಳಗಿನಿಂದ ಮೇಲಕ್ಕೆ ಸಾಗಬೇಕಿತ್ತು. ಬಾದಾಮಿಯ ಮರಳುಗಲ್ಲಿನ ಬಂಡೆಗಳಲ್ಲಿ ಯಾರು ಬೇಕಾದರೂ ನೋಡಬಹುದು, ಪದರಗಳು ಅಡ್ಡಡ್ಡಲಾಗಿ ಒಂದರ ಮೇಲೊಂದು ಕುಳಿತಿವೆ.

ಈ ಎಲ್ಲ ಊಹೆಗಳ ಅಡಿಯಲ್ಲಿರುವ ತಪ್ಪು ಒಂದೇ: ಬೆಟ್ಟ ಮೊದಲು ಎತ್ತರವಾಗಿತ್ತು, ಆಮೇಲೆ ಮೊಟಕಾಯಿತು ಎಂಬ ಎಣಿಕೆ. ನಡೆದದ್ದು ಇದಕ್ಕೆ ವಿರುದ್ಧವಾದುದು. ನೆತ್ತಿ ಇದ್ದಲ್ಲೇ ಉಳಿಯಿತು, ಸುತ್ತಲಿನ ನೆಲ ಕೊಚ್ಚಿಹೋಗಿ ಕೆಳಗಿಳಿಯಿತು. ಅಷ್ಟೇ ಅಲ್ಲ, ಅನೇಕ ಮೇಜುಬೆಟ್ಟಗಳ ನೆತ್ತಿ ಒಂದು ಕಾಲದಲ್ಲಿ ಆ ಸೀಮೆಯ ಅತ್ಯಂತ ತಗ್ಗಿನ ಜಾಗವಾಗಿತ್ತು. ಭೂವಿಜ್ಞಾನಿಗಳು ಇದನ್ನು ಭೂರೂಪದ ತಿರುವುಮುರುವು ಎಂದು ಗುರುತಿಸುತ್ತಾರೆ. ನೆಲದ ಚರಿತ್ರೆಯಲ್ಲಿ ಇಷ್ಟು ಸರಳವಾದ, ಇಷ್ಟು ವಿಸ್ಮಯಕರವಾದ ವಿಚಾರ ಮತ್ತೊಂದಿಲ್ಲವೆಂದು ನಾನು ಭಾವಿಸುತ್ತೇನೆ.

ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರದ ಬೆನ್ನಿಗಿರುವ 1,086 ಮೀಟರ್ ಎತ್ತರದ ಟೇಬಲ್ ಮೌಂಟನ್ ಇಂಥ ಬೆಟ್ಟಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. 1751ರಿಂದ 1753ರವರೆಗೆ ಅಲ್ಲಿದ್ದು ದಕ್ಷಿಣದ ಆಕಾಶದ ನಕ್ಷತ್ರಗಳನ್ನು ಅಳೆದ ಫ್ರೆಂಚ್ ಖಗೋಳಜ್ಞ ಲಕಾಯ್, ಈ ಬೆಟ್ಟದ ನೆನಪಿಗೆ ಒಂದು ನಕ್ಷತ್ರಪುಂಜಕ್ಕೇ ಮೇಜಿನ ಹೆಸರನ್ನಿಟ್ಟನು. ಈ ಬೆಟ್ಟದ ಮರಳುಗಲ್ಲಿನ ಪದರಗಳು ಬಾಗಿ ಮಡಿಚಿಕೊಂಡ ಶಿಲೆಯ ತಗ್ಗಿನ ಭಾಗ. ಭೂಮಿಯ ಒತ್ತಡಕ್ಕೆ ಪದರಗಳು ಮಡಿಚಿಕೊಂಡಾಗ ಉಬ್ಬಿದ ಭಾಗಗಳು ಹಿಗ್ಗಿ ಬಿರುಕುಬಿಟ್ಟವು, ತಗ್ಗಿನ ಭಾಗಗಳು ಅದುಮಿ ಗಟ್ಟಿಯಾದವು. ಬಿರುಕುಬಿಟ್ಟ ಉಬ್ಬುಗಳನ್ನು ಮಳೆಗಾಳಿಗಳು ಅಳಿಸಿಹಾಕಿದವು, ಗಟ್ಟಿಯಾದ ತಗ್ಗು ಬೆಟ್ಟವಾಗಿ ಉಳಿಯಿತು.

ಇದಕ್ಕಿಂತಲೂ ಸ್ಪಷ್ಟವಾದ ಸಾಕ್ಷಿ ಕ್ಯಾಲಿಫೋರ್ನಿಯಾದ ಟುವಾಲಮಿ ಸೀಮೆಯಲ್ಲಿದೆ. ಅಲ್ಲಿಯೂ ಟೇಬಲ್ ಮೌಂಟನ್ ಎಂಬ ಹೆಸರಿನ ಬೆಟ್ಟವಿದೆ, ಆದರೆ ಮೇಲಿನಿಂದ ನೋಡಿದರೆ ಅದು ನದಿಯಂತೆ ಬಳುಕುತ್ತ ಸಾಗುತ್ತದೆ. ಅದಕ್ಕೆ ಕಾರಣ ಅದು ನದಿಯೇ ಆಗಿದ್ದುದು. ಸುಮಾರು 1 ಕೋಟಿ ವರ್ಷಗಳ ಹಿಂದೆ ಸಿಯೆರಾ ನೆವಾಡಾ ಪರ್ವತಗಳ ಮೇಲಿನಿಂದ ಇಳಿದ ಲಾವಾ, ನೀರಿನಂತೆಯೇ ತಗ್ಗನ್ನು ಹುಡುಕಿಕೊಂಡು ಒಂದು ಹಳೆಯ ನದಿಯ ಪಾತ್ರವನ್ನು ತುಂಬಿ ಹೆಪ್ಪುಗಟ್ಟಿತು. ಪಾತ್ರವನ್ನು ಕಳೆದುಕೊಂಡ ನೀರು ಲಾವಾದ ಎರಡೂ ಅಂಚುಗಳಲ್ಲಿ ಹೊಸ ದಾರಿ ಮಾಡಿಕೊಂಡು ಮೆತ್ತನೆಯ ದಡಗಳನ್ನು ಕೊರೆಯತೊಡಗಿತು. ಕಾಲಕ್ರಮದಲ್ಲಿ ದಡಗಳು ಕಣಿವೆಗಳಾದವು, ನದಿಯ ಪಾತ್ರ ಎತ್ತರದ ದಿಬ್ಬವಾಗಿ ನಿಂತಿತು. ಇದನ್ನು ಮೊದಲು ಕಣ್ಣಾರೆ ಕಂಡವರು 1850ರ ದಶಕದ ಚಿನ್ನದ ಅಗೆತಗಾರರು. ಹೊಳೆಗಳ ಜಲ್ಲಿಯಲ್ಲಿ ಚಿನ್ನವನ್ನು ಸೋಸುತ್ತಿದ್ದ ಅವರು, ಬೆಟ್ಟದ ಹೊಟ್ಟೆಗೆ ಸುರಂಗ ಹೊಡೆದು, ಲಾವಾದ ಅಡಿಯಲ್ಲಿ ನುಣುಪಾದ ಹೊಳೆಗಲ್ಲುಗಳನ್ನೂ ಅವುಗಳ ನಡುವೆ ಚಿನ್ನವನ್ನೂ ಪಡೆದರು.

ನಿತ್ಯ ತಿಕ್ಕಿ ತೊಳೆದ ಹಳೆಯ ಮರದ ಮೇಜಿನ ಮೇಲೆ ಕೈಯಾಡಿಸಿದರೆ ಗಂಟುಗಳು ಉಬ್ಬಿಕೊಂಡಿರುವುದು ಬೆರಳಿಗೆ ತಿಳಿಯುತ್ತದೆ. ಗಂಟು ಬೆಳೆದು ಮೇಲೆದ್ದುದಲ್ಲ. ಅದರ ಸುತ್ತಲಿನ ಮೆದು ಮರ ಸವೆಯಿತು. ಮೇಜುಬೆಟ್ಟದ ತತ್ತ್ವವೂ ಇಷ್ಟೇ. ಉಳಿಯುವ ಪ್ರಶ್ನೆ ಒಂದೇ: ತಗ್ಗಿನ ನೆಲ ಗಂಟಿನಷ್ಟು ಗಟ್ಟಿಯಾಗುವುದು ಹೇಗೆ? ಎಲ್ಲ ಕಣಿವೆಗಳಿಗೂ ಲಾವಾ ಹರಿದು ಬರುವುದಿಲ್ಲ.

ನಮ್ಮ ಪಶ್ಚಿಮಘಟ್ಟದಲ್ಲಿ ಮತ್ತು ಕರಾವಳಿಯಲ್ಲಿ ಆ ಕೆಲಸವನ್ನು ಮಾಡಿದ್ದು ಮಳೆ. ಬಿಸಿ ಹವೆಯಲ್ಲಿ ವರ್ಷವರ್ಷವೂ ಸುರಿಯುವ ಮಳೆನೀರು ಬಂಡೆಯೊಳಗಿನ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂಗಳನ್ನು ಬೇಗನೆ, ಸಿಲಿಕಾವನ್ನು ನಿಧಾನವಾಗಿ ಕರಗಿಸಿ ಒಯ್ಯುತ್ತದೆ. ಕರಗಲು ಒಲ್ಲದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಹಿಂದುಳಿಯುತ್ತವೆ. ಇಲ್ಲಿ ಕಬ್ಬಿಣದ ಸ್ವಭಾವವನ್ನು ಗಮನಿಸಬೇಕು. ಮಳೆಗಾಲದಲ್ಲಿ ಅಂತರ್ಜಲ ಮೇಲೇರಿ ಮಣ್ಣು ನೀರಿನಿಂದ ತುಂಬಿಕೊಂಡಾಗ, ಆಮ್ಲಜನಕದ ಕೊರತೆಯಿಂದ ಕಬ್ಬಿಣ ನೀರಿನಲ್ಲಿ ಕರಗಬಲ್ಲ ಫೆರಸ್ ರೂಪವನ್ನು ತಾಳಿ, ಇಳಿಜಾರುಗಳಿಂದ ತಗ್ಗಿನ ಕಡೆಗೆ ನೆಲದಡಿಯಲ್ಲೇ ಸಾಗುತ್ತದೆ. ಬೇಸಿಗೆಯಲ್ಲಿ ನೀರು ಕೆಳಗಿಳಿದು ಗಾಳಿ ಒಳಹೊಕ್ಕಾಗ ಅದೇ ಕಬ್ಬಿಣ ಕರಗದ ಫೆರಿಕ್ ರೂಪಕ್ಕೆ ಮರಳಿ, ಗೋಥೈಟ್ ಮತ್ತು ಹೆಮಟೈಟ್ ಎಂಬ ಖನಿಜಗಳಾಗಿ ಮಣ್ಣಿನ ಕಣಗಳನ್ನು ಬೆಸೆಯುತ್ತದೆ. ಮುಂದಿನ ಮಳೆಗಾಲ ಇನ್ನಷ್ಟು ಕಬ್ಬಿಣವನ್ನು ತರುತ್ತದೆ, ಮುಂದಿನ ಬೇಸಿಗೆ ಅದನ್ನು ಅಲ್ಲಿಯೇ ನಿಲ್ಲಿಸುತ್ತದೆ. ಒಂದು ಋತು ನೆನೆಸಿ ಒಂದು ಋತು ಒಣಗಿಸುವ ಮಾನ್ಸೂನ್ ಹವಾಮಾನಕ್ಕಿಂತ ಈ ಕೆಲಸಕ್ಕೆ ಹೇಳಿ ಮಾಡಿಸಿದ ಬೇರೆ ಯಂತ್ರವಿಲ್ಲ. ಹೀಗೆ ಲಕ್ಷಾಂತರ ವರ್ಷ ಸುತ್ತಲಿನ ಕಬ್ಬಿಣವನ್ನು ಕೂಡಿಹಾಕಿಕೊಂಡ ತಗ್ಗು, ನೆಲ ಮೇಲೇರಿ ಹೊಳೆಗಳು ಆಳಕ್ಕೆ ಕೊರೆದು ಅಂತರ್ಜಲ ಶಾಶ್ವತವಾಗಿ ಕುಸಿದಾಗ, ಪೂರ್ತಿ ಒಣಗಿ ಕಲ್ಲಾಗುತ್ತದೆ. ಒಮ್ಮೆ ಹಾಗೆ ಗಟ್ಟಿಯಾದ ಹೊದಿಕೆ ಮತ್ತೆ ನೆನೆದರೂ ಮೆತ್ತಗಾಗುವುದಿಲ್ಲ.

ದಕ್ಷಿಣ ಕನ್ನಡದವರು ಮುರಕಲ್ಲು ಎಂದೂ ಮಲೆನಾಡಿನವರು ಜಂಬಿಟ್ಟಿಗೆ ಎಂದೂ ಕರೆಯುವ ಕಲ್ಲು ಇದೇ. ಟಿಪ್ಪುವಿನ ಪತನದ ಬಳಿಕ, 1800–01ರಲ್ಲಿ, ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ ಮತ್ತು ಮಲಬಾರುಗಳನ್ನು ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಅಂಗಡಿಪುರದಲ್ಲಿ ಜನರು ಇದನ್ನು ನೆಲದಿಂದ ಕಬ್ಬಿಣದ ಹತಾರಗಳಿಂದ ಸುಲಭವಾಗಿ ಕಡಿದು ತೆಗೆಯುವುದನ್ನೂ, ಗಾಳಿಗೊಡ್ಡಿದ ಮೇಲೆ ಅದು ಇಟ್ಟಿಗೆಯಷ್ಟೇ ಗಟ್ಟಿಯಾಗುವುದನ್ನೂ ಕಂಡು, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ವರದಿಯಲ್ಲಿ ಲ್ಯಾಟರೈಟ್ ಎಂದು ಹೆಸರಿಸಿದನು. ಇಂದು ಜಗತ್ತಿನ ಭೂವಿಜ್ಞಾನವೆಲ್ಲ ಬಳಸುವ ಈ ಹೆಸರಿನ ಹಿಂದೆ, ಅದರ ಗುಣವನ್ನು ಶತಮಾನಗಳಿಂದ ಬಲ್ಲ ನಮ್ಮ ಕರಾವಳಿಯ ಕಲ್ಲುಕುಟಿಗರ ತಿಳಿವಳಿಕೆ ಇದೆ ಎಂಬುದನ್ನು ಮರೆಯಬಾರದು.

ಮಹಾರಾಷ್ಟ್ರದ ಪಂಚಗಣಿಯ ಟೇಬಲ್‌ಲ್ಯಾಂಡ್ ನೋಡಿದವರಿಗೆ ಈ ಹೊದಿಕೆಯ ಪರಿಚಯವಿರುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದಿನ ದಖ್ಖನ್ ಲಾವಾದ ಮೇಲೆ ಈ ಕಬ್ಬಿಣದ ಕಲ್ಲು ಕುಳಿತಿದೆ. ಎತ್ತರದ ಇಂಥ ಹೊದಿಕೆಗಳು ಅಗಲವಾಗಿ ಹರಡದೆ ಕಿರಿದಾಗಿ, ಬಳುಕುತ್ತ ಸಾಗುವುದನ್ನು ಗಮನಿಸಿದ ಭೂವಿಜ್ಞಾನಿಗಳಾದ ಕ್ಲಿಫ್ ಓಲಿಯರ್ ಮತ್ತು ಹೇತು ಶೇಠ್, ಇವು ಹಳೆಯ ಕಣಿವೆಗಳ ತಳದಲ್ಲಿ ಬೆಸೆದುಕೊಂಡು ಆಮೇಲೆ ತಿರುವುಮುರುವಾದ ನೆಲಗಳೆಂದು 2008ರಲ್ಲಿ ವಾದಿಸಿದರು. ಇಡೀ ಸೀಮೆಯನ್ನು ಒಂದೇ ಚಾದರದಂತೆ ಮುಚ್ಚಿದ್ದ ಲ್ಯಾಟರೈಟ್ ಹರಿದು ಚೂರಾಯಿತೆಂಬ ಹಳೆಯ ಕಲ್ಪನೆಗಿಂತ ಈ ವಾದವೇ ನನಗೆ ಹೆಚ್ಚು ಒಪ್ಪಿತವಾಗುತ್ತದೆ, ಏಕೆಂದರೆ ಅದು ಹೊದಿಕೆಯ ಆಕಾರಕ್ಕೂ ಕಾರಣ ಕೊಡುತ್ತದೆ. ಪಂಚಗಣಿಯ ಗವಿಗಳಲ್ಲಿ ಪಾಂಡವರು ತಂಗಿದ್ದರೆಂಬ ನಂಬಿಕೆಯಿದೆ. ಕತೆ ಕತೆಯಾಗಿ ಚೆಂದವೇ. ಆದರೆ ಗವಿಯನ್ನು ಕೊರೆದದ್ದು ಕಲ್ಲಿನ ರಂಧ್ರಗಳಿಂದ ಇಳಿದ ನೀರು, ಅಡಿಯ ಮೆದು ಮಣ್ಣನ್ನು ಅದು ಹೊತ್ತೊಯ್ದರೂ ಮೇಲಿನ ಗಟ್ಟಿ ಹೊದಿಕೆ ಚಾವಣಿಯಾಗಿ ನಿಂತಿತು.

ಈ ಹೊದಿಕೆಗಳ ವಯಸ್ಸನ್ನು ಅಳೆಯುವ ದಾರಿಯನ್ನು ತೋರಿಸಿದ್ದು ಬಳ್ಳಾರಿ ಸೀಮೆಯ ಸಂಡೂರು. ಅಲ್ಲಿನ ಚಪ್ಪಟೆ ನೆತ್ತಿಯ ಬೆಟ್ಟಗಳ ಹೊದಿಕೆಯ ಅಡಿಯಲ್ಲಿ, ಶಿಲೆ ಕೊಳೆಯುವಾಗ ಹುಟ್ಟಿದ ಮ್ಯಾಂಗನೀಸ್ ಖನಿಜಗಳಿವೆ. ಅವುಗಳಲ್ಲಿ ಪೊಟ್ಯಾಸಿಯಂ ಸೇರಿಕೊಂಡಿರುತ್ತದೆ. ಅದರ ಒಂದು ಬಗೆಯ ಪರಮಾಣು ಗೊತ್ತಾದ ವೇಗದಲ್ಲಿ ಆರ್ಗಾನ್ ಅನಿಲವಾಗಿ ಮಾರ್ಪಡುವುದರಿಂದ, ಸಿಕ್ಕಿಬಿದ್ದ ಆರ್ಗಾನನ್ನು ಅಳೆದರೆ ಖನಿಜ ಹುಟ್ಟಿದ ಕಾಲ ತಿಳಿಯುತ್ತದೆ. ಫ್ರೆಂಚ್ ಮತ್ತು ಭಾರತೀಯ ವಿಜ್ಞಾನಿಗಳ ತಂಡವೊಂದು 2014ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ ಅದು ಸುಮಾರು 3.6 ಕೋಟಿಯಿಂದ 2.6 ಕೋಟಿ ವರ್ಷಗಳ ಹಿಂದಿನದು.

ಕರಾವಳಿಯಲ್ಲಿ ಪದವು ಎಂದು ಕರೆಯುವ ಚಪ್ಪಟೆ ನೆತ್ತಿಯ ಮುರಕಲ್ಲಿನ ಗುಡ್ಡಗಳೆಲ್ಲ ನದಿಯ ಪಾತ್ರಗಳಲ್ಲ. ಅವು ಹಿಂದೆ ಸಮುದ್ರಮಟ್ಟದ ಬಳಿ ಹರಡಿದ್ದ ಅಗಲವಾದ ತಗ್ಗು ಬಯಲಿನ ಅವಶೇಷಗಳು. ಆದರೆ ತರ್ಕ ಅದೇ. ಮಂಗಳೂರಿನ ವಿಮಾನ ನಿಲ್ದಾಣವನ್ನು ಟೇಬಲ್ ಟಾಪ್ ಎನ್ನುವುದನ್ನು 2010ರ ಮೇ 22ರ ದುರಂತದ ನಂತರ ಎಲ್ಲರೂ ಕೇಳಿದ್ದೇವೆ. ಕೇರಳದ ಕರಿಪುರದ ನಿಲ್ದಾಣವೂ ಲ್ಯಾಟರೈಟ್ ಗುಡ್ಡದ ಮೇಲೆಯೇ ಇದೆ. ಕಡಿದಾದ ಕಣಿವೆಗಳಿಂದ ಸೀಳಿಹೋದ ಈ ನಾಡಿನಲ್ಲಿ ಉದ್ದನೆಯ ಸಮತಟ್ಟು ಸಿಗುವುದು ಬಹುಮಟ್ಟಿಗೆ ಈ ಗುಡ್ಡಗಳ ನೆತ್ತಿಯಲ್ಲೇ. ಅಲ್ಲಿಯೂ ಉಳಿದ ಏರುತಗ್ಗುಗಳನ್ನು ಕಡಿದು, ತುಂಬಿ ಸರಿಪಡಿಸಬೇಕಾಗುತ್ತದೆ.

ಪದವಿನ ಒಳರಚನೆಯನ್ನು ಅರಿಯದೆ ಗುಡ್ಡ ಕಡಿಯುವುದು ಅಪಾಯಕ್ಕೆ ಕರೆ. ಮೇಲೆ ಕೆಲವು ಮೀಟರ್ ಮುರಕಲ್ಲು, ಅದರಡಿ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿಮಣ್ಣು, ಅದರ ಕೆಳಗೆ ಮೂಲ ಬಂಡೆ. ಮುರಕಲ್ಲಿನ ರಂಧ್ರಗಳಲ್ಲಿ ಸಲೀಸಾಗಿ ಇಳಿಯುವ ನೀರು ಜಿಗುಟು ಮಣ್ಣಿನ ಬಳಿ ತಡೆದು ನಿಂತು ಅಡ್ಡಲಾಗಿ ಹರಿಯುತ್ತದೆ. ಕಾಸರಗೋಡು, ಪುತ್ತೂರು, ಬಂಟ್ವಾಳ ಸೀಮೆಯ ಕೃಷಿಕರು ಗುಡ್ಡದ ಒಡಲಿಗೆ ಅಡ್ಡಲಾಗಿ ಸುರಂಗ ತೋಡಿ, ಪಂಪಿನ ಹಂಗಿಲ್ಲದೆ ತೋಟಕ್ಕೆ ನೀರು ತಂದದ್ದು ಇಂಥ ಅಡ್ಡ ಹರಿವನ್ನು ನಂಬಿಯೇ. ಮೇಲೆ ಬರಿ ಕಲ್ಲಿನಂತೆ ಕಾಣುವ ಪದವು ಮಳೆಗಾಲದಲ್ಲಿ ಕೀಟಾಹಾರಿ ಸಸ್ಯಗಳಿಂದ, ನೆಲಕ್ಕಂಟಿ ಅರಳುವ ಹೂಗಳಿಂದ ತುಂಬುತ್ತದೆ. ಅದನ್ನು ಪಾಳುಭೂಮಿಯೆಂದು ಬಗೆಯುವುದು ಅನ್ಯಾಯ.

ಮನೆಗೋ ರಸ್ತೆಗೋ ಗುಡ್ಡದ ಮಗ್ಗುಲನ್ನು ನೇರವಾಗಿ ಕಡಿದಾಗ ಹೊದಿಕೆಯ ಅಡಿಯ ಶೇಡಿಮಣ್ಣು ಬಯಲಾಗುತ್ತದೆ. ಬೇಸಿಗೆಯಲ್ಲಿ ಅದು ಗೋಡೆಯಂತೆ ಅಲ್ಲಾಡದೆ ನಿಲ್ಲುವುದರಿಂದ ನೋಡಿದವರಿಗೆ ಧೈರ್ಯ ಬರುತ್ತದೆ. ಆದರೆ ಜೂನ್, ಜುಲೈ ತಿಂಗಳುಗಳಲ್ಲಿ ನೀರುಂಡ ಶೇಡಿಮಣ್ಣು ಬಲವನ್ನೆಲ್ಲ ಕಳೆದುಕೊಂಡು ಜಾರುತ್ತದೆ, ಆಧಾರ ತಪ್ಪಿದ ಮುರಕಲ್ಲು ಗುಂಡುಗುಂಡಾಗಿ ಅದರ ಮೇಲೆ ಉರುಳುತ್ತದೆ. ಕಡಿಯಲೇಬೇಕಾದ ಕಡೆ ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಹೊದಿಕೆಯ ಅಂಚಿನಲ್ಲಿ ಕಾಲುವೆ ತೆಗೆದು ಮಳೆನೀರನ್ನು ಬೇರೆಡೆಗೆ ಹರಿಸಿ, ಬಯಲಾದ ಶೇಡಿಮಣ್ಣನ್ನು ಮೊದಲ ಮಳೆಗೆ ಮುನ್ನವೇ ಮುಚ್ಚಬೇಕು. ತಡೆಗೋಡೆ ಕಟ್ಟುವವರು ಅದರ ಹಿಂದೆ ಸೇರುವ ನೀರು ಹೊರಬರಲು ತೂತುಗಳನ್ನು ಬಿಡಬೇಕು.