ಕಲೆ ಮಾಯ್ದ ಮೇಲೂ ಮೂತ್ರ ಪರೀಕ್ಷೆ ಯಾಕೆ?

ನಮ್ಮ ಧಾರವಾಡದ ಓಣಿಯಲ್ಲಿ ಮಗುವಿನ ಮೈಮೇಲೆ ಏನೇ ಕೆಂಪಗೆ ಎದ್ದರೂ ಅದಕ್ಕೆ ಮೂರೇ ಹೆಸರು. ತುರಿಸಿದರೆ ಗಂಧಿ, ಜ್ವರ ಇದ್ದರೆ ಅಮ್ಮ, ಎರಡೂ ಅಲ್ಲವಾದರೆ ನಂಜು. ನಮ್ಮ ಅಕ್ಕನ ಮಗನಿಗೆ ಆರು ವರ್ಷ. ಸಂಕ್ರಾಂತಿ ಹೊತ್ತಿಗೆ ನೆಗಡಿ, ಗಂಟಲು ನೋವು ಬಂದು ಹೋಗಿತ್ತು. ಹತ್ತು ದಿನದ ಮೇಲೆ ಮೊಣಕಾಲ ಕೆಳಗೆ, ಕುಂಡೆಯ ಮೇಲೆ ಕಡುಗೆಂಪು ಚುಕ್ಕೆ ಎದ್ದವು. ಕಾಲಿನ ಗಿಣ್ಣು ಬಾತು ಕುಂಟತೊಡಗಿದ, ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದ. "ಬದನಿಕಾಯಿ ತಿನಸೀರೇನವಾ? ನಂಜಾಗೇತಿ ನೋಡ" ಅಂದರು ಎದುರು ಮನೆಯ ಅಜ್ಜಿ. ಸ್ವಲ್ಪ ಓದಿಕೊಂಡವರು ಡೆಂಗಿ ಅಂದರು, ಪಪ್ಪಾಯಿ ಎಲೆ ರಸವನ್ನೂ ತಂದುಕೊಟ್ಟರು!

ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ (ನಾಳದ ತೂತು ಮುಚ್ಚುವ ರಕ್ತಕಣ) 3 ಲಕ್ಷದ ಮೇಲಿತ್ತು. ಅಂದರೆ ಏನೇನೂ ಕಡಿಮೆ ಇಲ್ಲ. ಮತ್ತೆ ರಕ್ತ ಚರ್ಮದೊಳಗೆ ಸೋರಿದ್ದು ಹೇಗೆ?

ಅದು ಸೋರಿದ ರಕ್ತವೇ ಅಂತ ಮನೆಯಲ್ಲೇ ಗೊತ್ತಾಗುತ್ತದೆ. ಗಾಜಿನ ಲೋಟವನ್ನು ಚುಕ್ಕೆಯ ಮೇಲೆ ಒತ್ತಿ ನೋಡಿ. ಗಂಧಿಯಾದರೆ ಕೆಂಪು ಮಾಯವಾಗುತ್ತದೆ, ಯಾಕಂದರೆ ರಕ್ತ ಇನ್ನೂ ನಾಳದೊಳಗೇ ಇದೆ, ಒತ್ತಿದರೆ ಸರಿದು ಹೋಗುತ್ತದೆ. ನಾಳದ ಹೊರಗೆ ಚೆಲ್ಲಿದ ರಕ್ತ ಎಲ್ಲಿಗೆ ಹೋದೀತು? (ಜ್ವರದಿಂದ ಮಂಕಾದ ಮಗುವಿನಲ್ಲಿ ಇಂಥ ಮಾಯವಾಗದ ಚುಕ್ಕೆ ಕಂಡರೆ ಲೋಟ ಅಲ್ಲೇ ಇಟ್ಟು ಆಸ್ಪತ್ರೆಗೆ ಓಡಿ. ಅದು ಮಿದುಳು ಪೊರೆಯ ಸೋಂಕಿನ ಗುರುತೂ ಇರಬಹುದು.) ಇನ್ನೊಂದು ಗುರುತಿದೆ. ಈ ಚುಕ್ಕೆಗಳು ಬೆರಳಿಗೆ ಉಬ್ಬಾಗಿ ತಾಗುತ್ತವೆ. ಇಲ್ಲಿ ತೂತು ಮುಚ್ಚುವ ಬಿರಡೆ ಕಡಿಮೆಯಾಗಿಲ್ಲ, ಪೈಪಿನ ಗೋಡೆಯೇ ಬಾತಿದೆ. ಹೆಸರು ಐಜಿಎ ವ್ಯಾಸ್ಕುಲೈಟಿಸ್. ಹಳೇ ಹೆಸರು ಹೆನೋಕ್-ಶೋನ್‌ಲೈನ್ ಪರ್ಪುರಾ.

ಆ ಹಳೇ ಹೆಸರಿನ ಕತೆ ಹೇಳದೆ ನನಗೆ ಮುಂದೆ ಹೋಗಲಾಗುವುದಿಲ್ಲ. ಪರ್ಪುರಾ ಅಂದರೆ ಲ್ಯಾಟಿನ್‌ನಲ್ಲಿ ಸಮುದ್ರದ ಶಂಖದ ಹುಳುವಿನಿಂದ ತೆಗೆಯುತ್ತಿದ್ದ ನೇರಳೆ ಬಣ್ಣ. ಜರ್ಮನಿಯ ವೈದ್ಯ ಶೋನ್‌ಲೈನ್ 1837ರಲ್ಲಿ ಚುಕ್ಕೆಗೂ ಕೀಲುನೋವಿಗೂ ನಂಟು ಹಾಕಿದ. ಅವನ ಶಿಷ್ಯ ಹೆನೋಕ್ 1874ರಲ್ಲಿ ಹೊಟ್ಟೆನೋವನ್ನು ಜೋಡಿಸಿದ, ಕಿಡ್ನಿಯ ಮಾತು ಬಂದದ್ದು ಇನ್ನೂ ತಡವಾಗಿ. ಆದರೆ ಲಂಡನ್ನಿನ ವಿಲಿಯಂ ಹೆಬರ್ಡನ್ ಇವರಿಗಿಂತ ಎಷ್ಟೋ ಮೊದಲೇ ಐದು ವರ್ಷದ ಒಬ್ಬ ಹುಡುಗನ ಬಗ್ಗೆ ಬರೆದಿಟ್ಟಿದ್ದ. ಕಾಲ ಮೇಲೆ ರಕ್ತದ ಚುಕ್ಕೆ, ಹೊಟ್ಟೆನೋವು, ವಾಂತಿ, ಮೂತ್ರದಲ್ಲಿ ರಕ್ತ. ಅದು ಅಚ್ಚಾಗಿದ್ದು 1802ರಲ್ಲಿ, ಅವನು ತೀರಿಕೊಂಡ ಮೇಲೆ. ನೋಡಿ, ಮೂತ್ರದ ಸುದ್ದಿ ಮೊದಲ ವರದಿಯಲ್ಲೇ ಇತ್ತು! ನಾವು ಇವತ್ತಿಗೂ ಕಾಲನ್ನೇ ನೋಡುತ್ತಾ ಕೂತಿದ್ದೇವೆ.

ಈಗ ನನಗೆ ಬಲು ಇಷ್ಟವಾದ ಭಾಗ. ಐಜಿಎ ಅನ್ನುವುದು ಮೂಗು, ಗಂಟಲು, ಕರುಳಿನ ಒಳಪದರ ಕಾಯುವ ಪ್ರತಿಕಾಯ, ಅಂದರೆ ರೋಗಾಣುವನ್ನು ಹಿಡಿಯುವ ಪ್ರೋಟೀನ್. ಆಕಾರ ಚಾಟಿಬಿಲ್ಲಿನ ಕವಲು ಕಡ್ಡಿಯ ಹಾಗೆ. ಕವಲು ಒಡೆಯುವ ಜಾಗದಲ್ಲಿ ಸಕ್ಕರೆಯ ಪುಟ್ಟ ಸರಗಳು ನೇತಾಡುತ್ತವೆ. ಸರದ ತುದಿಯಲ್ಲಿ ಗ್ಯಾಲಕ್ಟೋಸ್ ಅನ್ನುವ ಸಕ್ಕರೆ ಇರಬೇಕು. ಕೆಲವು ಮಕ್ಕಳಲ್ಲಿ ಈ ತುದಿ ಇಲ್ಲದ ಐಜಿಎ ಜಾಸ್ತಿ ಇರುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಕಿತ್ತಂತೆ ಅನ್ನಿ, ಮುಚ್ಚಿದ್ದ ಬಾಯಿ ತೆರೆಯಿತು. ಒಳಗಿನದು ಹೊರಗೆ ಕಂಡಿತು. ದೇಹದ ಇನ್ನೊಂದು ಪ್ರತಿಕಾಯ, ಐಜಿಜಿ, "ಇಂವ ಯಾರಪಾ, ನಮ್ಮಾಂವ ಅಲ್ಲ" ಅಂತ ಹೋಗಿ ಹಿಡಿದುಕೊಳ್ಳುತ್ತದೆ. ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಮಳೆ ಬಿದ್ದ ಮೇಲೆ ಗದಗಿನ ಕಡೆ ಎರೆ ಹೊಲದಲ್ಲಿ ನಡೆದಿದ್ದೀರಾ? ಮೊದಲ ಹೆಜ್ಜೆಗೆ ಚಪ್ಪಲಿಗೆ ತೆಳ್ಳಗೆ ಮಣ್ಣು, ಹತ್ತನೇ ಹೆಜ್ಜೆಗೆ ಒಂದೊಂದು ಕಾಲಿಗೂ ಒಂದೊಂದು ಇಟ್ಟಿಗೆ. ಹಾಗೆ. ಈ ಮುದ್ದೆ ಸಣ್ಣ ನಾಳದ ಗೋಡೆಗೆ ಹೋಗಿ ಕಚ್ಚುತ್ತದೆ, ಬಟ್ಟೆಗೆ ಉತ್ತರಾಣಿ ಕಾಳು ಅಂಟಿದ ಹಾಗೆ. ಹೋಲಿಕೆ ನಾಲ್ಕಾದವು, ಸಾಕು. ಅದನ್ನು ಕಿತ್ತು ಹಾಕಲು ಬರುವ ಬಿಳಿ ರಕ್ತಕಣಗಳು ಅಲ್ಲೇ ಒಡೆದು, ಗೋಡೆಯನ್ನೂ ಕೆಡಿಸುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಂತಾರಲ್ಲ, ಇದೇ.

ಕಾಲಲ್ಲೇ ಯಾಕೆ? ನಿಂತಾಗ, ನಡೆದಾಗ ಕೆಳಗಿನ ನಾಳಗಳಲ್ಲಿ ಒತ್ತಡ ಹೆಚ್ಚು, ಹರಿವು ನಿಧಾನ. ಕಾಲುವೆಯ ನೀರು ನಿಧಾನವಾದ ಕಡೆ ಹೂಳು ಕೂರುತ್ತದಲ್ವಾ? ಇನ್ನೂ ನಡೆಯದ ಕೂಸುಗಳಿಗೆ ಮುಖದಲ್ಲಿ, ಬೆನ್ನಲ್ಲಿ ಬರುವುದೂ ಉಂಟು. ಚುಕ್ಕೆ ಕೆಂಪಿನಿಂದ ನೇರಳೆಗೆ, ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಕೆಲವು ವಾರಗಳಲ್ಲಿ ಮಾಯುತ್ತದೆ, ಪೆಟ್ಟು ಬಿದ್ದ ಜಾಗದ ಹಾಗೆಯೇ. ಅದರ ಪಾಡಿಗೆ ಅದೇ ಮಾಯುತ್ತದೆ. ಅದಕ್ಕೇ ನನಗೆ ಸಿಟ್ಟು. ಕೊನೆಗೆ ಯಾರು ಮಂತ್ರಿಸಿದರೋ, ಯಾರು ಬೇರು ಅರೆದು ಕೊಟ್ಟರೋ, ಅವರೇ ಗುಣ ಮಾಡಿದರು ಅಂತ ಹೆಸರು. ಚರ್ಮ ಶುಭ್ರ, ಎಲ್ಲ ಮುಗಿಯಿತು ಅಂತ ಮನೆಯವರು ಸುಮ್ನಾಗುತ್ತಾರೆ.

ಕಿಡ್ನಿಯ ಸರದಿ ಬರುವುದೇ ಹೆಚ್ಚಾಗಿ ಆಗ. ಒಂದೊಂದು ಕಿಡ್ನಿಯಲ್ಲೂ ಹತ್ತು ಲಕ್ಷದಷ್ಟು ಸಣ್ಣ ಸೋಸುಕಗಳಿವೆ. ಒಂದೊಂದೂ ಕೂದಲಿಗಿಂತ ತೆಳ್ಳನೆಯ ನಾಳಗಳ ಉಂಡೆ. ಅದೇ ಮುದ್ದೆ ಆ ನಾಳಗಳನ್ನು ಹಿಡಿದಿಟ್ಟ ಅಂಗಾಂಶದಲ್ಲಿ ಕೂತರೆ ಸೋಸುಕ ಕೆಡುತ್ತದೆ. ರಕ್ತಕಣ, ಪ್ರೋಟೀನ್ ಮೂತ್ರಕ್ಕೆ ಇಳಿಯುತ್ತವೆ. ಮೂರು ಮಕ್ಕಳಲ್ಲಿ ಒಬ್ಬರಿಗಾದರೂ ಹೀಗಾಗುತ್ತದೆ. ಹೆಚ್ಚಿನವರಿಗೆ ಮೊದಲ 4-6 ವಾರದಲ್ಲಿ, ಹೆಚ್ಚುಕಡಿಮೆ ಎಲ್ಲರಿಗೂ 6 ತಿಂಗಳೊಳಗೆ. ಬಹುಪಾಲು ಮಕ್ಕಳಲ್ಲಿ ಸರಿಹೋಗುತ್ತದೆ. ಆದರೆ ಕೆಲವರಲ್ಲಿ ಕಿಡ್ನಿಗೆ ಕಾಯಂ ಪೆಟ್ಟು ಬೀಳುತ್ತದೆ. ಕಷ್ಟ ಏನಂದರೆ ನೋವಿಲ್ಲ, ಆ ರಕ್ತ ಹೆಚ್ಚಾಗಿ ಕಣ್ಣಿಗೂ ಕಾಣುವುದಿಲ್ಲ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ಬರುವವರೆಗೆ, ಮುಖ ಊದುವವರೆಗೆ ಕಾಯುತ್ತೇವೆ ಅಂದರೆ ತಡವಾಯಿತು. ಮೊದಲೇ ಸ್ಟಿರಾಯ್ಡ್ ಕೊಟ್ಟರೆ ಹೊಟ್ಟೆನೋವು ತಗ್ಗುತ್ತದೆ, ಕಿಡ್ನಿಗೆ ಬರುವುದನ್ನು ಅದು ತಡೆಯುವುದಿಲ್ಲ. ಹಾಗಾಗಿ ಬೆಳಗಿನ ಮೊದಲ ಮೂತ್ರಕ್ಕೆ, ರಕ್ತ ಅಥವಾ ಪ್ರೋಟೀನ್ ಇದ್ದರೆ ಬಣ್ಣ ಬದಲಿಸುವ ಒಂದು ಪಟ್ಟಿ ಅದ್ದಿ ನೋಡಬೇಕು, ಬಿಪಿ ನೋಡಬೇಕು. ಮೊದಲು ವಾರ ವಾರ, ಆಮೇಲೆ ತಿಂಗಳು ತಿಂಗಳು, ಒಟ್ಟು 6 ತಿಂಗಳು.

ನಮ್ಮ ಹುಡುಗನ ಕಾಲು ಮೂರು ವಾರಕ್ಕೆ ಶುಭ್ರವಾಯಿತು. ಐದನೇ ವಾರ ಪಟ್ಟಿಯಲ್ಲಿ ರಕ್ತ ಕಂಡಿತು, ಪ್ರೋಟೀನ್ ಇರಲಿಲ್ಲ. ಏಪ್ರಿಲ್‌ಗೆ ಅದೂ ಹೋಯಿತು. ಅಕ್ಕ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಜುಲೈ ಕೊನೆಯವರೆಗೂ ಸುತ್ತು ಹಾಕಿಟ್ಟಿದ್ದಾಳೆ. ಎದುರು ಮನೆಯ ಅಜ್ಜಿ ಬಂದಾಗೆಲ್ಲ ಅದನ್ನು ನೋಡಿ, "ಕಾಲು ಮಾದು ಎಷ್ಟ ದಿನಾ ಆತು, ಇನ್ನೂ ಯಾಕ ಕೂಸಿನ ಉಚ್ಚಿ ಹಿಡಕೊಂಡ ಅಡ್ಡಾಡ್ತೀ?" ಅನ್ನುತ್ತಾರೆ. ಅಕ್ಕ ಬಾಟ್ಲಿ ತೊಳೆದು ಒಣಗಲು ಇಡುತ್ತಾಳೆ.