ಇಲಿಜರೋವ್ ಫ್ರೇಮ್: ಮೂಳೆಗೆ 1 ಮಿ.ಮೀ. ಅಂದರೆ ರಾಡಿಗೆ ಎಷ್ಟು?

ಗಿಡ್ಡ ಅಥವಾ ಸೊಟ್ಟ ಮೂಳೆ ಸರಿಪಡಿಸಲು ಕಾಲಿನ ಹೊರಗಿನಿಂದ ಕೂರಿಸುವ ಚೌಕಟ್ಟು ಇಲಿಜರೋವ್ ಫ್ರೇಮ್. ಅದರ ಉಂಗುರ, ತಂತಿ, ರಾಡುಗಳ ಜೋಡಣೆ ಒಂದೆರಡು ಸಲ ಕಣ್ಣಾರೆ ನೋಡಿದರೆ ತಿಳಿಯುತ್ತದೆ, ಅದನ್ನು ಬಿಡುತ್ತೇನೆ. ಸೈಬೀರಿಯಾದ ಕುರ್ಗಾನ್‌ನಲ್ಲಿ ಗಾವ್ರಿಯಿಲ್ ಇಲಿಜರೋವ್ 1950ರ ದಶಕದಿಂದ ಬೆಳೆಸಿದ ವಿಧಾನದ ತಿರುಳು ಇಷ್ಟು: ಮೂಳೆ ಕತ್ತರಿಸಿ, 5ರಿಂದ 7 ದಿನ ಹಾಗೇ ಬಿಟ್ಟು, ಆಮೇಲೆ ದಿನಕ್ಕೆ 1 ಮಿ.ಮೀ. ಎಳೆಯಬೇಕು. ಅದೂ ಕಾಲು ಕಾಲು ಮಿ.ಮೀ.ನಂತೆ ನಾಲ್ಕು ಸಲ. ಆ ಸಂದಿನಲ್ಲಿ ಹೊಸ ಮೂಳೆ ಹುಟ್ಟುತ್ತದೆ.

ಕಾಲಿನ ಉದ್ದ ಹೆಚ್ಚಿಸುವಾಗ ಈ ಲೆಕ್ಕ ನೇರ. ಬಿಲ್ಲುಗಾಲು ನೆಟ್ಟಗೆ ಮಾಡುವ ಕಡೆ ನಾನು ಎರಡು ದಿನ ಸಿಕ್ಕಿಕೊಂಡೆ. ಉಂಗುರಗಳನ್ನು ದೂರ ಸರಿಸುವ ತಿರುಪಿನ ರಾಡನ್ನೂ ದಿನಕ್ಕೆ 1 ಮಿ.ಮೀ. ತಿರುಗಿಸಿದರಾಯಿತು ಅಂದುಕೊಂಡಿದ್ದೆ. ತಪ್ಪು. ಆ 1 ಮಿ.ಮೀ. ಮೂಳೆಯದು, ರಾಡಿನದಲ್ಲ.

ಬಾಗಿಲು ನೆನೆಸಿಕೊಳ್ಳಿ. ಹಿಂಜಿನ ಹತ್ತಿರ ಒಂದು ಬೆರಳು ಸರಿಯುವಷ್ಟರಲ್ಲಿ ಚಿಲಕದ ತುದಿ ಗೇಣುದ್ದ ಸರಿದಿರುತ್ತದೆ. ಫ್ರೇಮಿನಲ್ಲೂ ಹಾಗೇ. ಬಿಲ್ಲುಗಾಲಿನಲ್ಲಿ ಹಿಂಜ್ ಟಿಬಿಯಾದ (ಮೊಣಕಾಲಿನ ಕೆಳಗಿನ ದಪ್ಪ ಮೂಳೆಯ) ಉಬ್ಬಿದ ಹೊರ ಅಂಚಿಗೆ, ಎಳೆಯುವ ರಾಡ್ ಒಳಬದಿಗೆ. ಮೂಳೆಯ ಅಗಲ 30 ಮಿ.ಮೀ., ಹಿಂಜಿನಿಂದ ರಾಡಿಗೆ 120 ಮಿ.ಮೀ. ಅನ್ನಿ. 120ನ್ನು 30ರಿಂದ ಭಾಗಿಸಿದರೆ 4. ಮೂಳೆಯ ಒಳ ಅಂಚು 1 ಮಿ.ಮೀ. ತೆರೆಯಬೇಕಾದರೆ ರಾಡ್ 4 ಮಿ.ಮೀ. ಉದ್ದವಾಗಬೇಕು. ರಾಡಿನ ಒಂದು ಪೂರ್ತಿ ಸುತ್ತಿಗೆ 1 ಮಿ.ಮೀ.; ಹಾಗಾಗಿ ದಿನಕ್ಕೆ ನಾಲ್ಕು ಸಲ, ಪ್ರತಿ ಸಲ ಕಾಲು ಸುತ್ತಲ್ಲ, ಪೂರ್ತಿ ಒಂದು ಸುತ್ತು. 20 ಡಿಗ್ರಿ ಸೊಟ್ಟ ತಿದ್ದಲು ಮೂಳೆಯಲ್ಲಿ ಸುಮಾರು 10.5 ಮಿ.ಮೀ., ರಾಡಿನಲ್ಲಿ ಸುಮಾರು 42 ಮಿ.ಮೀ.; ಎರಡು ಕಡೆಯಿಂದ ಲೆಕ್ಕ ಹಾಕಿದರೂ ಹತ್ತು-ಹನ್ನೊಂದು ದಿನವೇ ಬರುತ್ತದೆ. ಉತ್ತರ ತಾಳೆ ನೋಡಲು ನನಗಿದು ಬಹಳ ಇಷ್ಟವಾದ ದಾರಿ.

ನನ್ನ ಮೊದಲಿನ ಲೆಕ್ಕದಂತೆ ಹೋಗಿದ್ದರೆ ಮೂಳೆಗೆ ಸಿಗುತ್ತಿದ್ದುದು ದಿನಕ್ಕೆ ಕಾಲು ಮಿ.ಮೀ. ಮಾತ್ರ. ಸೊಟ್ಟ ತಿದ್ದುವ ಮೊದಲೇ ಸಂದು ಗಟ್ಟಿಯಾಗಿ, ರೋಗಿಯನ್ನು ಮತ್ತೆ ಆಪರೇಷನ್‌ಗೆ ಕರೆದೊಯ್ಯಬೇಕಾಗಬಹುದು. ತೀರಾ ವೇಗವಾಗಿ ಎಳೆದರೆ ಹೊಸ ಮೂಳೆ ಕಟ್ಟುವುದೇ ಇಲ್ಲ, ನರಗಳಿಗೂ ಪೆಟ್ಟು.

ಹಿಂಜಿನ ಜಾಗ: ಮೇಲಿನ ತುಂಡಿನ ಅಕ್ಷರೇಖೆ, ಕೆಳಗಿನ ತುಂಡಿನ ಅಕ್ಷರೇಖೆ ಕೂಡುವ ಬಿಂದುವಿಗೆ ಕೋರಾ (CORA) ಎಂದು ಹೆಸರು. ಅದರ ಮಟ್ಟ ಬಿಟ್ಟು ಹಿಂಜ್ ಕೂರಿಸಿದರೆ ಕೋನ ಸರಿಹೋದರೂ ಕಾಲಿನ ಅಕ್ಷ ಪಕ್ಕಕ್ಕೆ ಜರುಗುತ್ತದೆ. ಹಿಂಜ್ ಸರಿಯಾಗಿದ್ದು ಕತ್ತರಿಸಿದ ಜಾಗ ಮಾತ್ರ ಬೇರೆಯಾದರೆ ಅಲ್ಲಿ ಮೆಟ್ಟಿಲಿನಂತೆ ಕಂಡರೂ ಅಕ್ಷ ನೆಟ್ಟಗೇ ಬರುತ್ತದೆ. ಟಿಬಿಯಾದ ಪಕ್ಕದ ತೆಳು ಮೂಳೆ ಫಿಬುಲಾ; ಅದನ್ನೂ ಕತ್ತರಿಸುವುದನ್ನು ಮರೆಯಬೇಡಿ.

ಉದ್ದ ಹೊಂದಿಸಬಹುದಾದ ಆರು ಸರಳುಗಳ (ಸ್ಟ್ರಟ್) ಟೇಲರ್ ಫ್ರೇಮಿನಲ್ಲಿ ಈ ಲೆಕ್ಕವನ್ನೆಲ್ಲ ಕಂಪ್ಯೂಟರ್ ಮಾಡುತ್ತದೆ. ಆದರೂ ಅದು ಕೊಟ್ಟ ಪಟ್ಟಿಯ ಪಕ್ಕ ನಾನು ಮೂಳೆಯ ಅಂಚು ದಿನಕ್ಕೆಷ್ಟು ತೆರೆಯುತ್ತಿದೆ ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತೇನೆ.