ಗುಂಡಿ ಹೋಯಿತು, ರೈಟ್ ಕ್ಲಿಕ್ ಉಳಿಯಿತು

ಹೊಸ ಲ್ಯಾಪ್‌ಟಾಪ್ ತೆರೆದು, ಫೈಲಿನ ಮೇಲೆ ಬಾಣ ಇಟ್ಟು ರೈಟ್ ಕ್ಲಿಕ್ ಮಾಡೋಣ ಎಂದರೆ ಗುಂಡಿಯೇ ಇಲ್ಲ. ನುಣ್ಣನೆಯ ಫಲಕ ಮಾತ್ರ. ಬಲ ಮೂಲೆ ಒತ್ತಿದರೆ ಒಂದು ಯಂತ್ರದಲ್ಲಿ ಮೆನು ಬರುತ್ತದೆ, ಇನ್ನೊಂದರಲ್ಲಿ ಫೈಲು ಬರೀ ಸೆಲೆಕ್ಟ್ ಆಗಿ ಸುಮ್ಮನಾಗುತ್ತದೆ. ಮ್ಯಾಕ್‌ನ ಸೆಟ್ಟಿಂಗ್ಸ್‌ನಲ್ಲಿ ಹುಡುಕಿದರೆ ‘ರೈಟ್ ಕ್ಲಿಕ್’ ಎಂಬ ಹೆಸರೇ ಸಿಗುವುದಿಲ್ಲ, ‘ಸೆಕೆಂಡರಿ ಕ್ಲಿಕ್’ ಎಂದಿರುತ್ತದೆ. ಇದರಲ್ಲಿ ಬಳಸುವವರ ತಪ್ಪೇನೂ ಇಲ್ಲ. ಎರಡನೇ ಗುಂಡಿ ಬೇಕೋ ಬೇಡವೋ ಎಂಬ ಹಳೆಯ ಜಗಳ ಇನ್ನೂ ಮುಗಿದಿಲ್ಲ.

ಅಮೆರಿಕದ ಸಂಶೋಧಕ ಡಗ್ಲಸ್ ಎಂಗೆಲ್‌ಬಾರ್ಟ್ ಅವರ ಕಲ್ಪನೆಯಂತೆ ಬಿಲ್ ಇಂಗ್ಲಿಷ್ 1964ರಲ್ಲಿ ಕಟ್ಟಿದ ಮರದ ಮೌಸ್‌ಗೆ ಒಂದೇ ಗುಂಡಿ ಇತ್ತು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜನರ ಮುಂದೆ ತೋರಿಸುವ ಹೊತ್ತಿಗೆ ಅದು ಮೂರಾಗಿತ್ತು. 1973ರ ಜೆರಾಕ್ಸ್ ಆಲ್ಟೊ ಕಂಪ್ಯೂಟರಿನ ಮೌಸ್‌ಗೂ ಮೂರು. ಅದರ ಮೇಲೆ ನಡೆಯುತ್ತಿದ್ದ ಸ್ಮಾಲ್‌ಟಾಕ್ ಎಂಬ ಪ್ರೋಗ್ರಾಮಿಂಗ್ ವ್ಯವಸ್ಥೆಯಲ್ಲಿ ಅವಕ್ಕೆ ಕೆಂಪು, ಹಳದಿ, ನೀಲಿ ಎಂದು ಹೆಸರು. ಹಳದಿ ಒತ್ತಿದರೆ ಬಾಣ ಇದ್ದಲ್ಲೇ ಮೆನು ತೆರೆಯುತ್ತಿತ್ತು. ಇವತ್ತಿನ ರೈಟ್ ಕ್ಲಿಕ್ ಮೆನುವಿನ ಬೇರು ಅಲ್ಲಿದೆ.

ಆಪಲ್ ಉಲ್ಟಾ ದಾರಿ ಹಿಡಿಯಿತು. 1983ರ ಲೀಸಾ, 1984ರ ಮ್ಯಾಕಿಂಟಾಷ್ ಎರಡಕ್ಕೂ ಒಂದೇ ಗುಂಡಿ. ಯಾವುದನ್ನು ಒತ್ತಬೇಕೆಂದು ಹೊಸಬರು ತಡಬಡಿಸಬಾರದು ಎಂಬುದು ಅಲ್ಲಿದ್ದ ಲ್ಯಾರಿ ಟೆಸ್ಲರ್ ಮತ್ತು ಜೊತೆಯವರ ವಾದ. ಮೌಸನ್ನೇ ಕಾಣದ ಜನರಿಗೆ ಅದು ಸರಿಯಾದ ತೀರ್ಮಾನವೇ ಆಗಿತ್ತು. ಅದೇ 1983ರಲ್ಲಿ ಬಂದ ಮೈಕ್ರೋಸಾಫ್ಟ್ ಮೌಸ್‌ಗೆ ಎರಡು ಗುಂಡಿ ಇದ್ದರೂ ಬಲಗುಂಡಿಗೆ ವರ್ಷಗಟ್ಟಲೆ ಹೆಚ್ಚು ಕೆಲಸವಿರಲಿಲ್ಲ. ಅದಕ್ಕೆ ನಿಜವಾದ ಕೆಲಸ ಕೊಟ್ಟದ್ದು ವಿಂಡೋಸ್ 95. ಕಾಪಿ, ರೀನೇಮ್, ಪ್ರಾಪರ್ಟೀಸ್ ಎಲ್ಲವೂ ಬಲಗುಂಡಿಯ ಕೆಳಗೆ ಬಂದವು. ನಮ್ಮ ಸೈಬರ್ ಸೆಂಟರ್‌ಗಳಲ್ಲಿ ಕಂಪ್ಯೂಟರ್ ಆನ್ ಮಾಡಿದ ತಕ್ಷಣ ನಾಲ್ಕು ಸಲ ‘ರಿಫ್ರೆಶ್’ ಒತ್ತುವ ಅಭ್ಯಾಸವೂ ಆ ಮೆನುವಿನ ಕೊಡುಗೆ. ಅದು ಡೆಸ್ಕ್‌ಟಾಪಿನ ಐಕಾನ್‌ಗಳನ್ನು ಮತ್ತೊಮ್ಮೆ ತೋರಿಸುತ್ತದೆ ಅಷ್ಟೇ, ಯಂತ್ರ ಅದರಿಂದ ಚುರುಕಾಗುವುದಿಲ್ಲ.

1997ರ ಮ್ಯಾಕ್ ಓಎಸ್ 8ರಲ್ಲಿ ಆಪಲ್ ಕೂಡ ಈ ಮೆನು ಕೊಟ್ಟಿತು, ಆದರೆ ಕಂಟ್ರೋಲ್ ಕೀ ಹಿಡಿದು ಕ್ಲಿಕ್ ಮಾಡಬೇಕಿತ್ತು. ಈ ಉಪಾಯ ಇಂದಿನ ಮ್ಯಾಕ್‌ನಲ್ಲೂ ನಡೆಯುತ್ತದೆ. 2005ರ ಮೈಟಿ ಮೌಸ್‌ನಲ್ಲಿ ಆಪಲ್ ಬಲಬದಿಗೂ ಜಾಗ ಕೊಟ್ಟಿತು, ಗುಂಡಿ ಕೊಡಲಿಲ್ಲ. ಮೇಲಿನ ಚಿಪ್ಪು ಇಡಿಯಾಗಿ ಕೆಳಗೆ ಹೋಗುತ್ತದೆ. ಒತ್ತಿದ್ದು ಎಡವೋ ಬಲವೋ ಎಂದು ನಿರ್ಧರಿಸುವುದು ಬೆರಳಿನ ಸ್ಪರ್ಶ ಅರಿಯುವ ಸಂವೇದಕ. ಎರಡೂ ಬೆರಳು ಮೇಲಿದ್ದರೆ ಅದು ಎಡ ಎಂದೇ ಲೆಕ್ಕ ಹಾಕುತ್ತದೆ. ಹಾಗಾಗಿ ಬಲಕ್ಕೆ ಒತ್ತುವ ಮುನ್ನ ತೋರುಬೆರಳನ್ನು ಪೂರ್ತಿ ಎತ್ತಬೇಕು. 2009ರ ಮ್ಯಾಜಿಕ್ ಮೌಸ್‌ಗೂ ಇದೇ ಮಾತು. ‘ಹತ್ತರಲ್ಲಿ ಮೂರು ಸಲ ಕೆಲಸ ಮಾಡಲ್ಲ’ ಎಂಬ ದೂರಿಗೆ ಬಹಳ ಸಲ ಕಾರಣ ಆ ಬೆರಳೇ.

ಲ್ಯಾಪ್‌ಟಾಪ್‌ಗಳಲ್ಲಿ ದಾರಿ ಎರಡಾಯಿತು. 2006ರ ಮ್ಯಾಕ್‌ಬುಕ್‌ನಲ್ಲಿ ಎರಡು ಬೆರಳು ಪ್ಯಾಡಿನ ಮೇಲಿಟ್ಟು ಗುಂಡಿ ಒತ್ತಿದರೆ ಸೆಕೆಂಡರಿ ಕ್ಲಿಕ್. 2008ರಲ್ಲಿ ಆ ಒಂದು ಗುಂಡಿಯೂ ಹೋಗಿ ಗಾಜಿನ ಫಲಕವೇ ಗುಂಡಿಯಾಯಿತು. ವಿಂಡೋಸ್ ಲ್ಯಾಪ್‌ಟಾಪ್‌ಗಳು ಎರಡು ಗುಂಡಿಗಳನ್ನು ಕಳೆದುಕೊಂಡಾಗ ಅವು ಇದ್ದ ಜಾಗವನ್ನು ಉಳಿಸಿಕೊಂಡವು: ಕೆಳಗಿನ ಬಲ ಮೂಲೆ. ವಿಂಡೋಸ್ 11ರಲ್ಲಿ ಎರಡು ಬೆರಳು, ಬಲ ಮೂಲೆ ಎರಡಕ್ಕೂ ಬೇರೆ ಬೇರೆ ಟಿಕ್ ಇದೆ. ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ಆ್ಯಂಡ್ ಡಿವೈಸಸ್, ಟಚ್‌ಪ್ಯಾಡ್, ಟ್ಯಾಪ್ಸ್ ತೆರೆದು ನೋಡಿ. ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್, ಟ್ರ್ಯಾಕ್‌ಪ್ಯಾಡ್, ಪಾಯಿಂಟ್ ಆ್ಯಂಡ್ ಕ್ಲಿಕ್. ಅಲ್ಲಿ ಎರಡು ಬೆರಳು, ಬಲ ಮೂಲೆ, ಎಡ ಮೂಲೆ ಇವುಗಳಲ್ಲಿ ಒಂದನ್ನು ಆರಿಸಬೇಕು. ಎಡ ಮೂಲೆಯೂ ಸಾಧ್ಯ ಎಂದ ಮೇಲೆ ‘ರೈಟ್’ ಎಂಬ ಹೆಸರು ಹೊಂದುವುದಿಲ್ಲ. ಎಡಗೈಯವರು ಮೌಸಿನ ಗುಂಡಿಗಳನ್ನು ಅದಲುಬದಲು ಮಾಡಿಕೊಂಡಾಗಲೂ ಅಷ್ಟೇ. ಲಿನಕ್ಸ್ ಬಳಸುವವರಲ್ಲಿ ಕೆಲವರಿಗೆ 2018ರಲ್ಲಿ ಮೂಲೆ ಇದ್ದಕ್ಕಿದ್ದಂತೆ ಕೈಕೊಟ್ಟಿತು. ಲಿನಕ್ಸ್‌ನ ಡೆಸ್ಕ್‌ಟಾಪ್ ತೋರಿಸುವ ಗ್ನೋಮ್ ಎಂಬ ತಂತ್ರಾಂಶದ 3.28ನೇ ಆವೃತ್ತಿ ಎರಡು ಬೆರಳಿನ ಪದ್ಧತಿಗೆ ಬದಲಾದದ್ದೇ ಕಾರಣ. ಆಗ ಟ್ವೀಕ್ಸ್ ಎಂಬ ಬೇರೆ ಉಪಕರಣದಲ್ಲಿ ಹಳೆಯದಕ್ಕೆ ಮರಳಬೇಕಾಗಿತ್ತು.

ಸೆಟ್ಟಿಂಗ್ ಸರಿಯಿದ್ದೂ ತೊಂದರೆ ಬಂದರೆ ಮೊದಲು ಹೆಬ್ಬೆರಳನ್ನು ನೋಡಿ. ಪ್ಯಾಡಿನ ಕೆಳಅಂಚಿನಲ್ಲಿ ಅದು ಒರಗಿದ್ದು ತೋರುಬೆರಳಿನಿಂದ ಒತ್ತಿದರೆ, ಕೆಲವೊಮ್ಮೆ ಎರಡು ಬೆರಳೆಂದು ಲೆಕ್ಕವಾಗಿ ಬೇಡದ ಮೆನು ತೆರೆದುಕೊಳ್ಳುತ್ತದೆ. ಬೆರಳು ಒದ್ದೆಯಾಗಿದ್ದರೂ ಎಣಿಕೆ ತಪ್ಪುತ್ತದೆ. ಅನೇಕ ಪ್ಯಾಡ್‌ಗಳಿಗೆ ಮೇಲಂಚಿನಲ್ಲಿ ಕೀಲು ಇರುವುದರಿಂದ ಮೇಲ್ಭಾಗ ಒತ್ತಿದರೆ ಅಲುಗುವುದೇ ಇಲ್ಲ. ಕೆಳಗಿನ ಅರ್ಧದಲ್ಲೇ ಒತ್ತಿ. ಇದೆಲ್ಲ ಸಣ್ಣ ವಿಷಯ. ಆದರೆ ಮೊದಲು ಹಗುರವಾಗಿದ್ದ ಪ್ಯಾಡ್ ಈಗ ಗಟ್ಟಿಯಾಗಿ, ಒಂದು ಬದಿ ಉಬ್ಬಿದಂತೆ ಕಂಡರೆ ಬಲವಾಗಿ ಒತ್ತಲೇಬೇಡಿ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಅದರ ಕೆಳಗೇ ಬ್ಯಾಟರಿ ಇರುತ್ತದೆ, ಊದಿಕೊಂಡ ಬ್ಯಾಟರಿ ಬೆಂಕಿಗೂ ಕಾರಣವಾಗಬಹುದು. ಆಫ್ ಮಾಡಿ, ಚಾರ್ಜಿಗೆ ಹಾಕದೆ, ಬ್ಯಾಟರಿ ಬದಲಿಸಲು ಕೊಡಿ.

ಪ್ಯಾಡ್ ಪೂರ್ತಿ ಕೈಕೊಟ್ಟ ದಿನಕ್ಕೆ ವಿಂಡೋಸ್‌ನಲ್ಲಿ ಕೀಬೋರ್ಡ್ ಇದೆ. 1994ರ ಮೈಕ್ರೋಸಾಫ್ಟ್ ನ್ಯಾಚುರಲ್ ಕೀಬೋರ್ಡ್ ಜೊತೆ ಬಂದ ಮೆನು ಕೀ ರೈಟ್ ಕ್ಲಿಕ್‌ನ ಕೆಲಸವನ್ನೇ ಮಾಡುತ್ತದೆ. 2024ರಿಂದ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಆ ಜಾಗಕ್ಕೆ ಮೈಕ್ರೋಸಾಫ್ಟ್‌ನ ಎಐ ಸಹಾಯಕವನ್ನು ತೆರೆಯುವ ಕೋಪೈಲಟ್ ಕೀ ಬಂದು ಕೂತಿದೆ. ಅಂಥದ್ದರಲ್ಲಿ ಶಿಫ್ಟ್ ಹಿಡಿದು ಎಫ್10 ಒತ್ತಿ. ಮೇಲಿನ ಸಾಲಿನ ಕೀಗಳು ಸೌಂಡು, ಬೆಳಕು ಬದಲಿಸುವಂತೆ ಇದ್ದರೆ ಜೊತೆಗೆ ಎಫ್ಎನ್ ಕೀಯನ್ನೂ ಹಿಡಿಯಬೇಕು.